ನೆಂಟರಿಗೆ ಕೆಲಸ ಹಂಚಿದವರು

ಟೋಕಿಯೋ ಪಕ್ಕದ ಗ್ಯೋಟೋಕುವಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಂಟಿ ತೀರಿಕೊಂಡ ಸುದ್ದಿ ಬಂದ ಸ್ವಲ್ಪ ಹೊತ್ತಿಗೇ ಇನ್ನೊಂದು ಸಂದೇಶ ಬಂತು. ಭಾನುವಾರ ಶ್ರದ್ಧಾಂಜಲಿ ಸಭೆ ಇಟ್ಟುಕೊಳ್ಳೋಣ, ಅವರದೊಂದು ಒಳ್ಳೆಯ ಫೋಟೋ ಯಾರ ಹತ್ತಿರವಿದೆ ಎಂದು. ಎಲ್ಲರ ಹತ್ತಿರವೂ ಇರುತ್ತದೆ ಎಂದೇ ಎಲ್ಲರೂ ಅಂದುಕೊಂಡೆವು. ಅವರು ಇಲ್ಲಿದ್ದಷ್ಟು ವರ್ಷವೂ ಯಾರ ಮನೆಯ ಸೀಮಂತವಾಗಲಿ, ನಾಮಕರಣವಾಗಲಿ ಅವರಿಲ್ಲದೆ ನಡೆದದ್ದಿಲ್ಲ. ಹುಡುಕಿ ನೋಡಿದರೆ ಅವರು ಮಾಡಿದ ಬಿಸಿಬೇಳೆಬಾತ್ ಇದೆ, ಅವರು ಹಾಕಿದ ರಂಗೋಲಿ ಇದೆ, ಅವರು ಕಟ್ಟಿದ ಹೂವು ಮುಡಿದವರೆಲ್ಲ ಸಾಲಾಗಿ ನಿಂತಿದ್ದಾರೆ. ಅವರು ಮಾತ್ರ ಇಲ್ಲ. ಯಾರದೋ ಮಗುವಿನ ನಾಮಕರಣದ ಫೋಟೋದ ಅಂಚಿನಲ್ಲಿ, ಅಡಿಗೆಮನೆಯ ಬಾಗಿಲ ಬಳಿ ಒಂದು ಕೈ ಸಿಕ್ಕಿತು. ಬಳೆಯ ಜಾಗದಲ್ಲಿದ್ದ ಗಂಡಸರ ದೊಡ್ಡ ಗಡಿಯಾರದಿಂದ ಅದು ಆಂಟಿಯದೇ ಎಂದು ತೀರ್ಮಾನವಾಯಿತು.

ನನ್ನ ಫೋನಿನಲ್ಲಿ ಒಂದು ಫೋಟೋ ಇತ್ತು. ಕೂಡಲೇ ಕಳಿಸಲಿಲ್ಲ.

ಆ ಗಡಿಯಾರ ಅವರ ಗಂಡನದು. ಮೈಸೂರಿನಿಂದ ಮದುವೆಯಾಗಿ ಬಂದವರು, ಬಂದ ಆರೇಳು ವರ್ಷಕ್ಕೆ ಗಂಡ ತೀರಿಕೊಂಡರು. ವಾಪಸು ಬಂದುಬಿಡು ಎಂದು ಊರಿನವರೆಲ್ಲ ಹೇಳಿದರಂತೆ. ಇವರು ಹೋಗಲಿಲ್ಲ, ಊಟದ ಡಬ್ಬಿ ತುಂಬುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಓಡುವ ಬೆಲ್ಟಿನ ಮೇಲೆ ಸಾಲಾಗಿ ಹರಿದು ಬರುವ ಡಬ್ಬಿಗಳಲ್ಲಿ ಅನ್ನದ ಪಕ್ಕಕ್ಕೆ ಮೂಲಂಗಿ ಉಪ್ಪಿನಕಾಯಿಯ ಎರಡು ಹೋಳು ಇಡುವುದು ಅವರ ಕೆಲಸವಾಗಿತ್ತು. 'ಹೋಳು ಇಡೋದ್ರಲ್ಲಿ ಏನಿದೆ ಅಂತೀಯಾ? ನಾನು ಒಂದ್ ನಿಮಿಷ ಕೆಮ್ಮಿದ್ರೆ ಟೋಕಿಯೋದಲ್ಲಿ ಅಷ್ಟು ಜನ ಉಪ್ಪಿನಕಾಯಿ ಇಲ್ದೆ ಊಟ ಮಾಡ್ತಾರೆ,' ಎನ್ನುತ್ತಿದ್ದರು. ಅವರ ಜಪಾನಿ ಭಾಷೆಯೂ ಅಲ್ಲಿಯದೇ. 'ಬೇಗ', 'ಕೈ ತೊಳಿ', 'ಮುಂದೆ ಸರಿ' ಇವು ಮೂರನ್ನು ಯಾವ ಜಪಾನೀಯರಿಗಿಂತಲೂ ಗಟ್ಟಿಯಾಗಿ ಹೇಳುತ್ತಿದ್ದರು. ಮನೆ ಬೀಗ ಹಾಕುವಾಗ ಇಲ್ಲಿನ ರೈಲು ಚಾಲಕರ ಹಾಗೆ ಬೆರಳು ನೀಟಾಗಿ ಚಾಚಿ, 'ಗ್ಯಾಸ್, ಯೋಶ್! ನಲ್ಲಿ, ಯೋಶ್! ದೇವರ ದೀಪ, ಯೋಶ್!' ಎಂದು ಕೂಗಿ ಹೊರಡುತ್ತಿದ್ದರು. ಯೋಶ್ ಎಂದರೆ ಸರಿಯಾಗಿದೆ ಎಂದು. ನಮ್ಮ ಮಕ್ಕಳೆಲ್ಲ ಅವರ ಹಿಂದೆ ನಿಂತು ಅದನ್ನು ಅಣಕಿಸುತ್ತಿದ್ದರು, ಅವರಿಗೆ ಅದು ಗೊತ್ತಿತ್ತು.

ಸಮಾರಂಭ ಯಾರದೇ ಇರಲಿ, ಆಂಟಿ ಬಂದರೆ ಮೊದಲು ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಎಡಗಡೆ ನೆಂಟರ ಹೆಸರು, ಬಲಗಡೆ ಅವರ ಕೆಲಸ. ಸುಮ್ಮನೆ ಕೂತ ಅತಿಥಿಯನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. 'ನೆಂಟನ್ನ ಕೂರಿಸ್ಬೇಡ ಕಣೇ. ಕೂತ್ರೆ ಕಾಫಿ ತಣ್ಣಗಿದೆ ಅಂತಾನೆ. ಕೆಲ್ಸ ಕೊಡು, ತಣ್ಣಗಿರೋ ಕಾಫೀನೇ ಕುಡ್ಕೊಂಡು ಚೆನ್ನಾಗಿದೆ ಅಂತಾನೆ.'

ಎಲ್ಲರಿಗೂ ಕೆಲಸ ಹಂಚಿ, ಆರತಿ ಹೊತ್ತಿಗೆ ಅವರು ಅಡಿಗೆಮನೆಯಲ್ಲಿರುತ್ತಿದ್ದರು. ನನ್ನ ಸೀಮಂತದಲ್ಲೂ ಹಾಗೇ ಆಯಿತು. ತಟ್ಟೆ ಜೋಡಿಸಿ, ಬತ್ತಿ ಎಣ್ಣೆಯಲ್ಲಿ ನೆನೆಸಿ ಬೇರೆಯವರ ಕೈಗೆ ಕೊಟ್ಟು ಒಳಗೆ ಹೋದರು. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಬನ್ನಿ ಎಂದೂ ಯಾರೂ ಹೇಳಲಿಲ್ಲ. ಗಂಡ ಹೋದವರು ಆರತಿ ಎತ್ತುವುದಿಲ್ಲ ಎಂಬುದನ್ನು ಅವರೇ ನೆನಪಿಟ್ಟುಕೊಂಡು ನಮಗೆ ಮುಜುಗರ ತಪ್ಪಿಸುತ್ತಿದ್ದರು. ನಾನು ಓದಿದವಳು, ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಹೇಳಿಕೊಳ್ಳುವವಳು. ಅವತ್ತು ಅವರು ಒಳಗೆ ಹೋದಾಗ ನನಗೆ ನಿರಾಳವೇ ಆಯಿತು. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ನನ್ನ ತಮ್ಮ ನಗೋಯಾ ಕಡೆಯ ಕಾರು ಕಂಪನಿಗೆ ಹೋಗುವ ಮೊದಲು ಎರಡು ವರ್ಷ ಗ್ಯೋಟೋಕುವಿನಲ್ಲಿದ್ದ. ನನ್ನ ಮನೆ ಪಕ್ಕದಲ್ಲೇ ಇದ್ದರೂ ಊಟ ಮಾಡುತ್ತಿದ್ದದ್ದು ಆಂಟಿಯ ಮನೆಯಲ್ಲಿ. ಅವನು ಹಾರುಕಾ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದು ಮೊದಲು ಹೇಳಿದ್ದೂ ಅವರಿಗೇ, ನಮಗಲ್ಲ. ಹಾರುಕಾಳ ಊರು ಸೆತೊ ಒಳಸಮುದ್ರದ ಒಂದು ಪುಟ್ಟ ದ್ವೀಪ. ಗುಡ್ಡದ ತುಂಬ ಕಿತ್ತಳೆ ತೋಟ, ದಿನಕ್ಕೆ ಮೂರು ಸಲ ಹಡಗು, ಐದು ಗಂಟೆಗೆ ಮುಚ್ಚುವ ಒಂದೇ ಅಂಗಡಿ. ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ ಕೂಡ ಇಲ್ಲ. ಮಕ್ಕಳಿಲ್ಲದೆ ಮುಚ್ಚಿದ್ದ ಶಾಲೆಯನ್ನು ಅಲ್ಲಿಯವರು ತಂಗುದಾಣ ಮಾಡಿದ್ದರು. ತರಗತಿಗಳಲ್ಲಿ ವಾಸ, ವ್ಯಾಯಾಮದ ಹಾಲ್‌ನಲ್ಲಿ ಮದುವೆ ಎಂದು ಗೊತ್ತಾಯಿತು. ಬೆಂಗಳೂರು ಮೈಸೂರಿನಿಂದ ಮೂವತ್ತೆಂಟು ಜನ ಮೂರು ದಿನ ಮೊದಲೇ ಬಂದಿಳಿದರು.

ತಮ್ಮ ಎಲ್ಲರಿಗೂ ಬಣ್ಣದ ಹಾಳೆಯೊಂದನ್ನು ಮುದ್ರಿಸಿ ಹಂಚಿದ್ದ. 'ದ್ವೀಪದಲ್ಲಿ ಅತಿಥಿಗಳು ಮಾಡಬಹುದಾದ ಹತ್ತು ಸಂಗತಿಗಳು' ಎಂದು ತಲೆಬರಹ. ಸೈಕಲ್ ಸವಾರಿ, ಗಾಳ ಹಾಕಿ ಮೀನು ಹಿಡಿಯುವುದು, ಸಾರ್ವಜನಿಕ ಬಿಸಿನೀರಿನ ಸ್ನಾನ, ಸೂರ್ಯಾಸ್ತ. ನೆಂಟರಲ್ಲಿ ಅರ್ಧ ಜನಕ್ಕೆ ಮಂಡಿನೋವು, ಮುಕ್ಕಾಲು ಜನ ಮೀನು ಮುಟ್ಟದವರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ನಮ್ಮ ದೊಡ್ಡಪ್ಪ ಹಾಳೆಯನ್ನು ಕನ್ನಡಕ ಏರಿಸಿ ಓದಿ, 'ಊರವರ ಮುಂದೆ ಬಟ್ಟೆ ಬಿಚ್ಚಿ ಸ್ನಾನ ಮಾಡೋಕೆ ಇಷ್ಟು ದೂರ ಬರ್ಬೇಕಿತ್ತಾ?' ಎಂದರು. ಮೊದಲ ಸಂಜೆ ಎಲ್ಲರೂ ಹೋಗಿ ಸೂರ್ಯಾಸ್ತ ನೋಡಿದರು. 'ಮುಳುಗಿದ. ಸರಿ, ಈಗೇನು?' ಎಂದು ವಾಪಸು ಬಂದರು. ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಕಾಫಿ ತಣ್ಣಗಾಗಿತ್ತು. ಹುಡುಗಿಯ ಮನೆಯವರು ಮುಖ ಕೊಟ್ಟು ಮಾತಾಡುತ್ತಿಲ್ಲ ಎಂಬ ದೂರೂ ಹುಟ್ಟಿತ್ತು.

ಪಾಪ, ಅವರಿಗೆ ಮಾತಾಡಲು ಪುರುಸೊತ್ತೇ ಇರಲಿಲ್ಲ. ಕಿತ್ತಳೆ ಕೊಯ್ಲಿನ ಹೊತ್ತು. ಹಾರುಕಾಳ ಅಪ್ಪ ಮದುವೆಯನ್ನೂ ಕೊಯ್ಲನ್ನೂ ಒಟ್ಟಿಗೆ ಹೊತ್ತುಕೊಂಡು, ಎದುರು ಸಿಕ್ಕವರಿಗೆಲ್ಲ 'ಸುಮಿಮಾಸೆನ್' ಎಂದು ಬಾಗಿ ಕ್ಷಮೆ ಕೇಳುತ್ತಾ ಓಡಾಡುತ್ತಿದ್ದರು. ಗ್ಯೋಟೋಕುವಿನಿಂದ ನಮ್ಮ ಜೊತೆ ಬಂದಿದ್ದ ಆಂಟಿ, ನನ್ನ ತಮ್ಮನ ಬಣ್ಣದ ಹಾಳೆಯನ್ನು ತಿರುವಿ ಹಾಕಿ, ಬೆನ್ನಿಗೆ ಪಟ್ಟಿ ಬರೆದು ಶಾಲೆಯ ಕರಿಹಲಗೆಗೆ ಅಂಟಿಸಿದರು. ದೊಡ್ಡಪ್ಪನಿಗೆ ಹಡಗಿನ ಇಲಾಖೆ. ಬರುವವರನ್ನು, ಬರುವ ಸಾಮಾನನ್ನು ಇಳಿಸಿಕೊಳ್ಳುವುದು. ಅತ್ತಿಗೆಯರಿಗೆ ತೋರಣ, ಮಾವಿನೆಲೆಯ ಬದಲು ಕಿತ್ತಳೆ ಎಲೆ. ಉಳಿದ ಇಪ್ಪತ್ತು ಜನಕ್ಕೆ ತೋಟ.

ಅತಿಥಿಗಳು ಕೊಯ್ಲು ಮಾಡುವುದೇ! ಹಾರುಕಾಳ ಅಪ್ಪ ಬೆವತುಹೋದರು. ಆಂಟಿ ಕಾರ್ಖಾನೆಯ ಜಪಾನಿಯಲ್ಲಿ, 'ಬೇಗ, ಮುಂದೆ ಸರಿ,' ಎಂದರು. ಅವರು ಸರಿದರು.

ನಾವು ಗುಡ್ಡ ಹತ್ತುವಷ್ಟರಲ್ಲಿ ಹಾರುಕಾಳ ಅಜ್ಜಿ ಮೇಲೆ ತಲುಪಿಯಾಗಿತ್ತು. ಎಂಬತ್ತು ದಾಟಿದ ಜೀವ, ಕೈಯಲ್ಲಿ ಕೋಲೂ ಇಲ್ಲ, ನಮ್ಮ ಚಿಕ್ಕಪ್ಪಂದಿರು ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಗ ಬುಟ್ಟಿ ಕಟ್ಟಿಕೊಂಡು ನಿಂತಿದ್ದರು. ನಮ್ಮವರು ಹಣ್ಣು ಕಂಡದ್ದೇ ತಡ, ಸೀಬೆಕಾಯಿ ಕೀಳುವ ಹಾಗೆ ಹಿಡಿದು ಎಳೆಯತೊಡಗಿದರು. ಎರಡು ಬುಟ್ಟಿ ತುಂಬಿದ ಮೇಲೆ ಅಜ್ಜಿ ಬಂದು ನೋಡಿ ಆಂಟಿಯ ಮೇಲೆ ಚೀರಿದರು. ಎಳೆದರೆ ತೊಟ್ಟಿನ ಹತ್ತಿರ ಸಿಪ್ಪೆ ಹರಿಯುತ್ತದೆ, ಹರಿದ ಹಣ್ಣು ಎರಡೇ ದಿನಕ್ಕೆ ಕೊಳೆಯುತ್ತದೆ. ಕತ್ತರಿಯಿಂದ ಮೊದಲು ಕಡ್ಡಿಸಮೇತ ಕತ್ತರಿಸಬೇಕು, ಆಮೇಲೆ ಕಡ್ಡಿಯನ್ನು ಹಣ್ಣಿಗೆ ಸಮನಾಗಿ ಇನ್ನೊಮ್ಮೆ ಕತ್ತರಿಸಬೇಕು. ಅಜ್ಜಿ ಒಂದು ಹಣ್ಣು ಹಾಗೆ ಕತ್ತರಿಸಿ ತಮ್ಮ ಕೆನ್ನೆಗೆ ಉಜ್ಜಿ ತೋರಿಸಿದರು. ಚುಚ್ಚಿದರೆ ತಪ್ಪು, ಪಕ್ಕದ ಹಣ್ಣಿಗೂ ಚುಚ್ಚುತ್ತದೆ. ಆಮೇಲೆ ಅದೇ ಹಣ್ಣನ್ನು ಆಂಟಿಯ ಕೆನ್ನೆಗೆ ಉಜ್ಜಿದರು.

ಆಂಟಿಯನ್ನು ಯಾರಾದರೂ ಬಯ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರಿಗೆ ಅದು ಬಹಳ ಹಿಡಿಸಿತು. ಎರಡು ದಿನವೂ ಇಬ್ಬರೂ ಒಂದೇ ಗಿಡದ ಬುಡದಲ್ಲಿದ್ದರು. ಅಜ್ಜಿಯದು ದ್ವೀಪದ ಜಪಾನಿ, ಹಾರುಕಾಳಿಗೇ ಕೆಲವೊಮ್ಮೆ ಅರ್ಥವಾಗದ್ದು. ಆಂಟಿ ಬೇಸತ್ತಾಗ ನೇರ ಮೈಸೂರು ಕನ್ನಡ. ಮಾತು ನಿಂತದ್ದಂತೂ ನಾನು ಕಾಣೆ. ನಮ್ಮವರು ಕಿತ್ತ ಪ್ರತಿ ಹಣ್ಣನ್ನೂ ಆಂಟಿ ಕೆನ್ನೆಗೆ ಉಜ್ಜಿ 'ಯೋಶ್' ಎನ್ನದೆ ಬುಟ್ಟಿಗೆ ಬಿಡುತ್ತಿರಲಿಲ್ಲ. ಸಂಜೆ ದೊಡ್ಡಪ್ಪ ತಣ್ಣಗಿನ ಕಾಫಿ ಕುಡಿದು ಇನ್ನೊಂದು ಲೋಟ ಕೇಳಿದರು.

ಮದುವೆಯ ಹಿಂದಿನ ದಿನ ತಮ್ಮ ನನ್ನನ್ನು ಕಾರಿಡಾರಿಗೆ ಕರೆದ.

'ಅಕ್ಕ, ಧಾರೆ ಟೈಮಲ್ಲಿ ಆಂಟಿ ಮಂಟಪದಲ್ಲಿ ಇರ್ಬೇಕು. ಇರ್ಬೇಕಷ್ಟೇ ಅಲ್ಲ, ಧಾರೆ ಎರೀಬೇಕು. ಅದು ನಿನ್ನ ರೆಸ್ಪಾನ್ಸಿಬಿಲಿಟಿ.'

'ಅವರು ಬರಲ್ಲ ಕಣೋ.'

'ಇಲ್ಲಿ ಅಡಿಗೆಮನೇನೇ ಇಲ್ವಲ್ಲ, ಎಲ್ಲಿಗೆ ಹೋಗ್ತಾರೆ? ಎರಡು ವರ್ಷ ನಂಗೆ ಊಟ ಹಾಕಿದ್ದಾರೆ. ಅವರು ಹೊರಗೆ ನಿಂತ್ರೆ ಈ ಮದ್ವೆ ಆಗಿ ಏನ್ ಪ್ರಯೋಜನ?'

ಮದುವೆಯ ಅಡಿಗೆ ಕೋಬೆ ನಗರದಿಂದ ಹಡಗಿನಲ್ಲಿ ಬರುವುದಿತ್ತು. ಅಡಗಲು ಜಾಗವಿಲ್ಲ ಎಂಬುದು ಅವನ ಲೆಕ್ಕಾಚಾರ. ಅಮ್ಮನಿಗೆ ಹೇಳಿದೆ. ಅಮ್ಮ ಸೀರೆ ಮಡಚುತ್ತಿದ್ದವಳು ತಲೆಯೆತ್ತದೆ, 'ಅವರು ತಿಳುವಳಿಕೆ ಇರೋರು, ಅವರೇ ಪಕ್ಕಕ್ಕಿರ್ತಾರೆ ಬಿಡು. ನೀನು ಹೋಗಿ ಕೆದಕ್ಬೇಡ,' ಎಂದಳು. ಅಮ್ಮ ಕೆಟ್ಟವಳಲ್ಲ. ಆದರೆ ಒಬ್ಬನೇ ಮಗನ ಮದುವೆ, ಬೇರೆ ದೇಶ, ಬೇರೆ ಜನ, ಅವಳು ಎಲ್ಲದಕ್ಕೂ ಹೆದರಿದ್ದಳು.

ನಾನು ಕರಿಹಲಗೆಯ ಮುಂದೆ ನಿಂತು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದೆ. ಮೂವತ್ತೆಂಟು ಜನರ ಜೊತೆ ನಾನು, ನನ್ನ ಗಂಡ, ವಾರವಿಡೀ ಡೇಟಾಬೇಸ್ ನೋಡಿಕೊಂಡು ಶನಿವಾರ ಭಾನುವಾರ ಪೌರೋಹಿತ್ಯ ಮಾಡುವ ಟೋಕಿಯೋದ ಪುರೋಹಿತರು, ಎಲ್ಲರೂ ಇದ್ದೆವು. ಆಂಟಿಯ ಹೆಸರಿರಲಿಲ್ಲ. ಕೆಳಗೆ ಅವರ ಹೆಸರು ಬರೆದು ಎದುರಿಗೆ 'ಧಾರೆಗೆ ಮಂಟಪದಲ್ಲಿ ನಿಲ್ಲುವುದು' ಎಂದು ಸೇರಿಸಿದೆ. ಆಂಟಿ ಹಿಂದೆಯೇ ಬಂದು ನಿಂತಿದ್ದರು.

'ನಿಲ್ಲೋದು ಒಂದು ಕೆಲ್ಸಾನೇನೇ?' ಎಂದು ನನ್ನ ಕೈಯಿಂದ ಪೆನ್ನು ಕಸಿದು ಅದನ್ನು ಹೊಡೆದುಹಾಕಿದರು. ಅಲ್ಲೇ 'ಬೆಳಗಿನ ಎರಡನೇ ಹಡಗು, ಅಡಿಗೆ ಡಬ್ಬಿ' ಎಂದು ಬರೆದರು. ಆ ಹಡಗು ಬರುವುದು ಸರಿಯಾಗಿ ಮುಹೂರ್ತದ ಹೊತ್ತಿಗೆ.

'ಆಂಟಿ, ಅವನು ನಿಮ್ಮನ್ನ ಕೇಳ್ತಿದ್ದಾನೆ.'

'ಅವನು ಮಗು. ನಿಮ್ಮಮ್ಮ ಮಗು ಅಲ್ಲ. ನಾಳೆ ಅವರಿಬ್ರಲ್ಲಿ ಒಬ್ರಿಗೆ ಒಂದು ಜ್ವರ ಬಂದ್ರೂ ನಿಮ್ಮಮ್ಮಂಗೆ ನನ್ನ ಮುಖ ನೆನಪಾಗುತ್ತೆ. ಅದ್ಯಾಕೆ ಬೇಕು ನಂಗೆ?'

ಅವರು ಹೇಳಿದ್ದು ನಿಜವೆಂದು ನನಗೂ ಗೊತ್ತಿತ್ತು.

ಮದುವೆಯ ಬೆಳಿಗ್ಗೆ ಹಾರುಕಾಳ ಅಜ್ಜಿ ಕೆಳ ಅಂಚಿನಲ್ಲಷ್ಟೇ ಚಿತ್ತಾರವಿದ್ದ ಕಪ್ಪು ಕಿಮೋನೊ ಉಟ್ಟು ಬಂದರು. ನಮ್ಮ ಹೆಂಗಸರಲ್ಲಿ ಗುಜುಗುಜು ಎದ್ದಿತು. ಅಮ್ಮ ಆಂಟಿಯ ಕಿವಿಯ ಹತ್ತಿರ, 'ಮದುವೆ ದಿನ ಕಪ್ಪಾ?' ಎಂದಳು.

'ಇಲ್ಲಿ ಹತ್ತಿರದ ಸಂಬಂಧದ ಹೆಂಗಸರು ಮದ್ವೆಗೆ ಉಡೋದೇ ಕಪ್ಪು. ಅದಕ್ಕಿಂತ ದೊಡ್ಡ ಮರ್ಯಾದೆ ಬಟ್ಟೆ ಇಲ್ಲ.'

'ಯಜಮಾನರು ಇಲ್ವಲ್ಲ ಅವರಿಗೆ. ಆದ್ರೂ ಮುಂದೆ ಕೂರ್ತಾರಾ?'

'ಕೂರ್ತಾರೆ,' ಎಂದರು ಆಂಟಿ. 'ಅವರ ಮೊಮ್ಮಗಳ ಮದ್ವೆ. ಇನ್ಯಾರು ಕೂರ್ಬೇಕು?'

ಆಂಟಿ ಮಂಟಪದ ಸುತ್ತ ಒಂದು ಸುತ್ತು ಬಂದರು. ಹೋಮಕ್ಕೆ ಹೊರಗೆ ಅಂಗಳದಲ್ಲಿ ಜಾಗ ಮಾಡಿ, ಪಕ್ಕದಲ್ಲಿ ದ್ವೀಪದ ಅಗ್ನಿಶಾಮಕ ಸ್ವಯಂಸೇವಕರು ಇಬ್ಬರು ನೀರಿನ ಬಕೆಟ್ ಹಿಡಿದು ಬಲು ಗಂಭೀರವಾಗಿ ನಿಂತಿದ್ದರು. ಆಂಟಿ ಒಂದೊಂದಕ್ಕೂ ಬೆರಳು ಚಾಚಿದರು. 'ಅಂತರಪಟ, ಯೋಶ್. ಜೀರಿಗೆ ಬೆಲ್ಲ, ಯೋಶ್. ತಾಳಿ, ಯೋಶ್. ಹಾಲು, ಯೋಶ್. ಬಕೆಟ್, ಯೋಶ್.' ಕೊನೆಗೆ ತಮ್ಮನ ಕಡೆಗೂ ಬೆರಳು ಮಾಡಿದರು, ಆದರೆ ಬಾಯಿ ಬಿಡಲಿಲ್ಲ. ಗಡಿಯಾರ ನೋಡಿಕೊಂಡು ಬಾಗಿಲ ಕಡೆ ಹೊರಟರು. ನನ್ನ ತಮ್ಮ ಪೇಟದ ಕೆಳಗಿನಿಂದ ನನ್ನನ್ನು ದುರುಗುಟ್ಟಿ ನೋಡಿದ. ನಾನು ಹಿಂದೆ ಓಡಿದೆ.

ಬಾಗಿಲಲ್ಲಿ ಆಂಟಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅಜ್ಜಿ ಅವರ ಮುಂದೆ ಬಂದು ನಿಂತು ಕೈ ಚಾಚಿದರು.

'ಈ ಬಟ್ಟೆಯಲ್ಲಿ ನನಗೆ ನಡೆಯಲು ಆಗುವುದಿಲ್ಲ. ಒಳಗಿನ ತನಕ ಕೈ ಕೊಡಿ,' ಎಂದರು ಜಪಾನಿಯಲ್ಲಿ.

ಮೊನ್ನೆ ನಮಗೆಲ್ಲರಿಗಿಂತ ಮೊದಲು ಗುಡ್ಡ ಹತ್ತಿ ನಿಂತಿದ್ದ ಅಜ್ಜಿ! ಆಂಟಿ ತಮಗೆ ಹಡಗಿನ ಕೆಲಸವಿದೆ ಎಂದರು.

'ನೀವು ಹೋಗದಿದ್ದರೂ ಹಡಗು ಬರುತ್ತದೆ. ನಾನು ಹುಟ್ಟಿದಾಗಿನಿಂದ ಬರುತ್ತಿದೆ.'

'ಡಬ್ಬಿ ಇಳಿಸ್ಕೋಬೇಕು,' ಎಂದು ಆಂಟಿ ಕನ್ನಡದಲ್ಲೇ ಹೇಳಿ ಎದ್ದರು. ಅಷ್ಟರಲ್ಲಿ ಹೊರಗೆ ಛತ್ರಿ ಬೀಸುತ್ತಾ ಹೊರಟಿದ್ದ ದೊಡ್ಡಪ್ಪ ತಿರುಗಿ ನಿಂತರು. ಅವರಿಗೆ ಒಳಗಿನ ಯಾವ ವಿಷಯವೂ ಗೊತ್ತಿರಲಿಲ್ಲ. ಮೂರು ದಿನಗಳಲ್ಲಿ ಅವರು ಒಂದು ಹಡಗನ್ನೂ ತಪ್ಪಿಸಿರಲಿಲ್ಲ.

'ಏನಮ್ಮಾ, ಹಡಗು ನನ್ನ ಡಿಪಾರ್ಟ್‌ಮೆಂಟು. ನೀವೇ ಬರ್ಕೊಟ್ಟಿದ್ದು. ಈಗ ನೀವು ಬಂದು ಇನ್‌ಸ್ಪೆಕ್ಷನ್ ಮಾಡೋ ಹಾಗಿದ್ರೆ ನಾನು ರಾಜೀನಾಮೆ ಕೊಡ್ತೀನಿ!'

ತಾವೇ ಹಂಚಿದ ಕೆಲಸವನ್ನು ವಾಪಸು ಕಸಿಯುವುದು ಆಂಟಿಗೆ ಆಗದ ಮಾತು. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿ. ಹಾಗೇ ನಿಂತಿದ್ದವರ ಕೈಯನ್ನು ಅಜ್ಜಿ ತಾವೇ ಹಿಡಿದುಕೊಂಡರು. ಆಂಟಿ ಚಪ್ಪಲಿ ಕಳಚಿದರು.

ಅಜ್ಜಿ ಮಂಟಪದ ಮುಂದಿನ ಕುರ್ಚಿಯ ತನಕ ಬಂದು ಕೂರಲಿಲ್ಲ, ಕೈಯನ್ನೂ ಬಿಡಲಿಲ್ಲ. ಅಂತರಪಟ ಸರಿಯಿತು, ಅಕ್ಷತೆ ಬಿತ್ತು. ಜೋಡಿಸಿದ ಕೈಗಳ ಮೇಲೆ ತೆಂಗಿನಕಾಯಿ ಇಟ್ಟು ಹಾರುಕಾಳ ಅಪ್ಪ ಅಮ್ಮ ಧಾರೆ ಎರೆದರು. ಪುರೋಹಿತರು, ಹಿರಿಯರು ಯಾರಾದರೂ ಬನ್ನಿ ಎಂದರು. ಅಜ್ಜಿ ಆಂಟಿಯ ಸಮೇತ ಹೊರಟರು. ತಂಬಿಗೆಯನ್ನು ಒಂದು ಕೈಯಲ್ಲಿ ಎತ್ತಿ ಆಂಟಿಯ ಕೈಗಿಟ್ಟರು. ಆಂಟಿ ಅಮ್ಮನ ಮುಖ ನೋಡಿದರು. ಇಡೀ ಸಭೆ ಸದ್ದಿಲ್ಲದೆ ನಿಂತಿತ್ತು ಎಂದೇನಿಲ್ಲ, ಹಿಂದೆ ಮಕ್ಕಳು ಗಲಾಟೆ ಮಾಡುತ್ತಿದ್ದವು, ಹೊರಗೆ ಹಡಗು ಕೂಗಿತು. ಅಮ್ಮ ಎರಡು ಹೆಜ್ಜೆ ಮುಂದೆ ಬಂದಳು. ತಂಬಿಗೆಯಲ್ಲಿ ಹಾಲು ಕಡಿಮೆಯಿತ್ತು. ಪಕ್ಕದ ಪಾತ್ರೆಯಿಂದ ಅದಕ್ಕೆ ಹಾಲು ತುಂಬಿಸಿದಳು. ಆಂಟಿ ಎರೆದರು. ನನ್ನ ತಮ್ಮ ತಲೆ ತಗ್ಗಿಸಿಕೊಂಡು ಅಳುತ್ತಿದ್ದ. ಫೋಟೋಗ್ರಾಫರ್ ಆ ಕಡೆ ಹಾರುಕಾಳ ಅಪ್ಪನನ್ನು ತೆಗೆಯುತ್ತಿದ್ದ. ಈ ಕಡೆಯಿಂದ ನಾನು ಫೋನಿನಲ್ಲಿ ಒಂದು ತೆಗೆದೆ.

ಹಿಂದಿನ ಸಂಜೆ ಅಜ್ಜಿ, ನಾಳೆ ಆ ಹೆಂಗಸು ಎಲ್ಲಿ ಕೂರುತ್ತಾಳೆ ಎಂದು ಕೇಳಿದ್ದರಂತೆ. ಆಂಟಿಯ ವಿಷಯವನ್ನು ತಮ್ಮನಿಂದ ಕೇಳಿ ತಿಳಿದಿದ್ದ ಹಾರುಕಾ ಎಲ್ಲವನ್ನೂ ಹೇಳಿದ್ದಳು. ಅಜ್ಜಿ ಕೇಳಿಸಿಕೊಂಡು ಮಲಗಿದರಂತೆ. ವಾಪಸು ಬರುವಾಗ ಹಡಗಿನಲ್ಲಿ ಆಂಟಿ ಮಣಿಕಟ್ಟು ಉಜ್ಜಿಕೊಳ್ಳುತ್ತಾ, 'ಆ ಮುದುಕಿದು ಅದೆಂಥಾ ಹಿಡಿತಾನೇ! ಕತ್ತರಿ ಹಿಡಿದೂ ಹಿಡಿದೂ ಬಂದಿರೋದು,' ಎಂದರು. ಅಷ್ಟು ಬಿಟ್ಟರೆ ಅದರ ಬಗ್ಗೆ ಅವರು ಮಾತಾಡಿದ್ದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ಎರಡು ತಿಂಗಳಿಗೆ ಗ್ಯೋಟೋಕುವಿನಲ್ಲಿ ಇನ್ನೊಂದು ಸೀಮಂತವಾಯಿತು, ಆರತಿ ಹೊತ್ತಿಗೆ ಆಂಟಿ ಮತ್ತೆ ಅಡಿಗೆಮನೆಯಲ್ಲಿದ್ದರು. ನಾನು ಹೋಗಿ, 'ಬನ್ನಿ ಆಂಟಿ,' ಎಂದೆ. ಅವರು ನನ್ನ ಕೈಗೆ ಕೋಸಂಬರಿ ಪಾತ್ರೆ ಕೊಟ್ಟು, 'ಇದನ್ನ ಬಡಿಸೋಕೆ ಇಡು ಹೋಗು,' ಎಂದರು. ಕೆಲಸ ಸಿಕ್ಕಿತಲ್ಲ, ತೆಗೆದುಕೊಂಡು ಹೋದೆ. ಅವರು ಕೆಲಸ ಬಿಟ್ಟು ಮೈಸೂರಿನ ತಂಗಿಯ ಮನೆಗೆ ಹೊರಡುವವರೆಗೂ ಹೀಗೇ ನಡೆಯಿತು. ಕರೆಯುವುದೇ ಬೇರೆ, ಕೈ ಹಿಡಿಯುವುದೇ ಬೇರೆ. ನಾನು ಕರೆಯುತ್ತಿದ್ದೆ.

ನನ್ನ ಹತ್ತಿರ ಫೋಟೋ ಇದೆ ಎಂದು ಗುಂಪಿನಲ್ಲಿ ಕೊನೆಗೂ ಹೇಳಿದಾಗ, ಮುಖ ಮಾತ್ರ ಸಾಕು, ಕ್ರಾಪ್ ಮಾಡಿ ಕಳಿಸಿ ಎಂದರು. ದೊಡ್ಡದು ಮಾಡಿ ನೋಡಿದೆ. ಆಂಟಿ ಕ್ಯಾಮೆರಾ ನೋಡುತ್ತಿಲ್ಲ, ತೆಂಗಿನಕಾಯಿಯ ಮೇಲಿಂದ ತಮ್ಮನ ಬೆರಳಿಗೆ ಇಳಿಯುವ ಹಾಲನ್ನು ನೋಡುತ್ತಿದ್ದಾರೆ. ಅವರ ಎರಡು ಕೈಯೂ ತಂಬಿಗೆಯ ಮೇಲಿವೆ. ಎಡಗೈಯ ಗಡಿಯಾರ ಕಾಣುತ್ತಿಲ್ಲ. ಅದನ್ನು ಮುಚ್ಚಿ, ಕಿತ್ತಳೆ ಸಿಪ್ಪೆಯ ಹಳದಿ ಇನ್ನೂ ಉಗುರಿನಲ್ಲಿ ಉಳಿದಿರುವ ಅಜ್ಜಿಯ ಬೆರಳುಗಳು ಬಿಗಿದುಕೊಂಡಿವೆ. ಹಾಲು ಎರೆದು ಮುಗಿಯುವ ತನಕ ಎಲ್ಲಿಗೂ ಹೋಗದ ಹಾಗೆ. ಮುಖವನ್ನಷ್ಟೇ ಉಳಿಸಲು ಎರಡು ಮೂರು ಸಲ ಪ್ರಯತ್ನಿಸಿದೆ. ಆಮೇಲೆ ಕ್ರಾಪ್ ಮಾಡದೆ ಹಾಗೇ ಕಳಿಸಿದೆ.